ನಾಯಿಗೂ ಒಂದು ಕಾರ್ಡು

ನಮ್ಮೂರು ದೇವರಾಯಸಮುದ್ರ. ಕೋಲಾರ ಜಿಲ್ಲೆ, ಮುಳಬಾಗಿಲು ತಾಲ್ಲೂಕು. ನಮ್ಮಲ್ಲಿ ಬಹಳ ಮನೆಗಳಲ್ಲಿ ಹಸು ಇದೆ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುತ್ತೇವೆ. ಹಸು ಇದ್ದ ಕಡೆ ನಾಯಿಯೂ ಇರುತ್ತೆ. ಕೊಟ್ಟಿಗೆ ಕಾಯುತ್ತೆ. ತೋಟ ಕಾಯುತ್ತೆ. ಮಕ್ಕಳ ಜೊತೆ ಆಡುತ್ತೆ.

ಹಸುವಿಗೆ ಕಾಲುಬಾಯಿ ಜ್ವರ ಬರಬಾರದು ಅಂತ ಲಸಿಕೆ ಹಾಕಿಸುತ್ತೇವೆ. ಮಗುವಿಗೂ ಹಾಕಿಸುತ್ತೇವೆ. ಮಗುವಿನ ಕಾರ್ಡನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತೇವೆ. ನಾಯಿಗೆ? "ನಾಯಿಗೆಲ್ಲಾ ಯಾರಕ್ಕ ಸೂಜಿ ಹಾಕಿಸ್ತಾರೆ?" ಅಂತ ನಗುತ್ತೇವೆ.

ಇದು ನಗುವ ಮಾತಲ್ಲ. ಹುಚ್ಚುನಾಯಿ ರೋಗ ಅಂತೀವಲ್ಲ, ಅದಕ್ಕೆ ರೇಬೀಸ್ ಎಂದು ಹೆಸರು. ರೋಗ ಬಂದ ನಾಯಿಯ ಜೊಲ್ಲಿನಲ್ಲಿ ಅದರ ವಿಷಾಣು ಇರುತ್ತದೆ. ನಾಯಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಅದು ನಮ್ಮ ಮೈಗೆ ಸೇರುತ್ತದೆ. ನರಗಳ ಮೂಲಕ ಮೆಲ್ಲಗೆ ಮಿದುಳಿಗೆ ಹೋಗುತ್ತದೆ. ಇದಕ್ಕೆ ಕೆಲವು ವಾರ ಹಿಡಿಯಬಹುದು, ಕೆಲವು ತಿಂಗಳೂ ಹಿಡಿಯಬಹುದು. ಅಷ್ಟರೊಳಗೆ ಚುಚ್ಚುಮದ್ದು ಹಾಕಿಸಿದರೆ ಜೀವ ಉಳಿಯುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ನಮ್ಮ ನಾಯಿಗೆ ಲಸಿಕೆ ಹಾಕಿಸಿದ್ದರೆ ಈ ರೋಗ ಮನೆಯೊಳಗೆ ಬರುವ ದಾರಿಯೇ ಮುಚ್ಚಿದ ಹಾಗೆ.

ಯಾವಾಗ ಹಾಕಿಸಬೇಕು? ಮರಿಗೆ ಒಂದೂವರೆ, ಎರಡು ತಿಂಗಳಾದಾಗ ಮೊದಲ ಲಸಿಕೆ. ಅದು ಪಾರ್ವೊ, ಡಿಸ್ಟೆಂಪರ್ ಎಂಬ ರೋಗಗಳಿಗೆ. ಹೆಸರು ಕಷ್ಟ, ರೋಗ ನಮಗೆ ಗೊತ್ತಿರುವುದೇ. ಮರಿ ವಾಂತಿ ಮಾಡುತ್ತೆ, ರಕ್ತ ಬೇಧಿಯಾಗುತ್ತೆ, ಎರಡು ಮೂರು ದಿನದಲ್ಲಿ ಸತ್ತುಹೋಗುತ್ತೆ. ಅದೇ ಪಾರ್ವೊ. "ದೃಷ್ಟಿಯಾಯಿತು" ಅಂತ ನಾವು ಸುಮ್ಮನಾಗಿದ್ದೇವೆ. ಈ ಲಸಿಕೆಯನ್ನು ಮೂರು ನಾಲ್ಕು ವಾರ ಬಿಟ್ಟು ಮತ್ತೆ ಹಾಕಿಸಬೇಕು. ಮರಿಗೆ ನಾಲ್ಕು ತಿಂಗಳು ತುಂಬುವವರೆಗೆ ಹೀಗೆ. ಮೂರು ತಿಂಗಳಾದಾಗ ರೇಬೀಸ್ ಲಸಿಕೆ. ಎರಡನೇ ಸಲ ಯಾವಾಗ ಎಂದು ಡಾಕ್ಟರು ಬರೆದುಕೊಡುತ್ತಾರೆ. ಆಮೇಲೆ ವರ್ಷಕ್ಕೊಮ್ಮೆ. ಜಂತುಹುಳುವಿನ ಔಷಧಿಯನ್ನೂ ಅವರನ್ನೇ ಕೇಳಿ.

ಲಸಿಕೆಯನ್ನು ತಣ್ಣಗೆ ಇಡಬೇಕು. ಪೋಲಿಯೋ ಹನಿ ಐಸ್ ಡಬ್ಬದಲ್ಲಿ ಬರುವುದನ್ನು ನೋಡಿದ್ದೇವಲ್ಲ, ಹಾಗೆ. ಅಂಗಡಿಯಲ್ಲಿ ಕೊಂಡು, ಬಿಸಿಲಲ್ಲಿ ಬಸ್ಸಿನಲ್ಲಿ ತಂದು, ಯಾರ ಕೈಲೋ ಹಾಕಿಸಿದರೆ ದುಡ್ಡು ದಂಡ. ಪಶು ಆಸ್ಪತ್ರೆಯಲ್ಲೇ ಹಾಕಿಸಿ. ದನದ ಆಸ್ಪತ್ರೆ ಅಂತ ಕರೆಯುತ್ತೇವೆ, ನಾಯಿಯನ್ನೂ ನೋಡುತ್ತಾರೆ.

ಕೆಲವು ಕಾಯಿಲೆ ಹತ್ತಿರದ ಆಸ್ಪತ್ರೆಯಲ್ಲಿ ಆಗುವುದಿಲ್ಲ. ಹೆದ್ದಾರಿಯಲ್ಲಿ ಗಾಡಿ ಹೊಡೆದು ಕಾಲು ಮುರಿದಿರುತ್ತೆ. ಮರಿ ಹಾಕಲಾಗದೆ ನಾಯಿ ಒದ್ದಾಡುತ್ತಿರುತ್ತೆ. ಗೆಡ್ಡೆ ಬೆಳೆದಿರುತ್ತೆ. ಆಗ ಮುಳಬಾಗಿಲು, ಕೋಲಾರದ ಪಶು ಆಸ್ಪತ್ರೆಗಳಿವೆ. ಅಲ್ಲೂ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. 1958ರಲ್ಲಿ ಶುರುವಾದದ್ದು. ಆಪರೇಷನ್ನಿಗೆ, ಹೆರಿಗೆಗೆ ಅಲ್ಲಿ ಬೇರೆ ಬೇರೆ ತಜ್ಞರಿದ್ದಾರೆ. ಹೋಗುವ ಮೊದಲು ನಮ್ಮ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳಿ, ಕಾರ್ಡು ಮರೆಯಬೇಡಿ. ತುರ್ತಾದರೆ 1962ಕ್ಕೆ ಫೋನ್ ಮಾಡಬಹುದು. ಅದು ಪಶುಗಳ ಆಂಬುಲೆನ್ಸ್ ನಂಬರು. ದುಡ್ಡು ಬೀಳುವುದಿಲ್ಲ.

ಇಷ್ಟೆಲ್ಲಾ ಮಾಡಿದರೂ ಬೀದಿನಾಯಿ ಕಚ್ಚಬಹುದು. ಕಚ್ಚಿದ ತಕ್ಷಣ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಹುಯ್ಯುತ್ತಾ ಇರಿ. ಖಾರದಪುಡಿ, ಸುಣ್ಣ, ಅರಿಶಿನ ಹಚ್ಚಬೇಡಿ. ಮಂತ್ರ ಹಾಕಿಸುತ್ತಾ ಕೂರಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯ ಆಳವಾಗಿದ್ದರೆ, ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇನ್ನೊಂದು ಮದ್ದು ಹಾಕುತ್ತಾರೆ. ಸಾಕಿದ ನಾಯಿ ಕಚ್ಚಿದ್ದರೆ ಅದನ್ನು 10 ದಿನ ಕಟ್ಟಿಹಾಕಿ ನೋಡಬೇಕು ಅನ್ನುತ್ತಾರೆ. ಅದು ನಿಜ. ಆದರೆ ನಾಯಿಯನ್ನು ನೋಡುತ್ತಾ ಚುಚ್ಚುಮದ್ದು ತಡಮಾಡಬಾರದು.

ಮಕ್ಕಳು ಬೈಗುಳಕ್ಕೆ ಹೆದರಿ ಹೇಳುವುದೇ ಇಲ್ಲ. "ಹೊಕ್ಕುಳ ಸುತ್ತ 14 ಸೂಜಿ" ಅಂತ ನಾವೇ ಹೆದರಿಸಿರುತ್ತೇವೆ. ಆ ಹಳೇ ಮದ್ದು 2005ರ ಹೊತ್ತಿಗೆ ದೇಶದಲ್ಲೇ ನಿಂತುಹೋಯಿತು. ಈಗ ಹಾಕುವುದು ತೋಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 4 ಸಲ ಹೋಗಬೇಕು. ಮೊದಲ ದಿನ, ಅಲ್ಲಿಂದ 3, 7 ಮತ್ತು 28 ದಿನಕ್ಕೆ. ಕಡೆಯದನ್ನೂ ಬಿಡಬೇಡಿ. ಕೂಲಿ ತಪ್ಪುತ್ತೆ ಅಂತ ಬಿಟ್ಟುಬಿಡುವುದು ಅದನ್ನೇ.

ಹಸುವಿನ ಮಾತು ಒಂದಿದೆ. ಹುಚ್ಚುನಾಯಿ ಹಸುವನ್ನೂ ಕಚ್ಚುತ್ತೆ. ಹಸು ಮೇವು ಬಿಟ್ಟು ಜೊಲ್ಲು ಸುರಿಸಿದರೆ "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ" ಎಂದು ಬಾಯೊಳಗೆ ಕೈ ಹಾಕುತ್ತೇವೆ. ಹಾಕಬೇಡಿ. ಡಾಕ್ಟರನ್ನು ಕರೆಸಿ. ನಾಯಿ ಕಚ್ಚಿದ ಹಸುವಿಗೂ ಚುಚ್ಚುಮದ್ದು ಇದೆ, ತಡಮಾಡದೆ ಹಾಕಿಸಬೇಕು.

ಒಂದು ಮನೆಯವರು ಹಾಕಿಸಿದರೆ ಊರಿಗೆ ಸಾಲದು. ಊರಲ್ಲಿ 10 ನಾಯಿ ಇದ್ದರೆ 7ಕ್ಕಾದರೂ ಲಸಿಕೆ ಆಗಿರಬೇಕು. ಆಗ ರೋಗ ಹರಡುವುದು ನಿಲ್ಲುತ್ತದೆ. ಬೀದಿನಾಯಿಗಳಿಗೆ ಲಸಿಕೆ, ಸಂತಾನಹರಣ ಮಾಡಿಸುವುದು ಪಂಚಾಯಿತಿಯ ಕೆಲಸ. 2023ರ ಕೇಂದ್ರ ಸರ್ಕಾರದ ನಿಯಮದಲ್ಲಿ ಹಾಗೆಂದು ಇದೆ. ಗ್ರಾಮಸಭೆಯಲ್ಲಿ ಕೇಳೋಣ. ಬರೆದು ಕೊಡೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!

ಕೆಳಗಿನ ಕಾರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬಿಟ್ಟ ಜಾಗ ತುಂಬಿ.

ನಮ್ಮ ನಾಯಿಯ ಹೆಸರು: ..........
ಹುಟ್ಟಿದ ತಿಂಗಳು: ..........
ರೇಬೀಸ್ ಲಸಿಕೆ ಹಾಕಿಸಿದ ದಿನ: ..........
ಮತ್ತೆ ಹಾಕಿಸಬೇಕಾದ ದಿನ: ..........
ಪಶು ಡಾಕ್ಟರ ಫೋನ್ ನಂಬರು: ..........