ಬಿತ್ತನೆಗಡ್ಡೆಯ ಸಿದ್ಧತೆ: ಕರಾವಳಿಯ ಹಿತ್ತಲಿಗೊಂದು ಪಾಠ

ಭಟ್ಕಳ, ಹೊನ್ನಾವರ, ಕುಮಟಾಗಳ ಅಡಿಗೆಮನೆಗಳಲ್ಲಿ ಆಲೂಗಡ್ಡೆಗೆ ಬಟಾಟೆಯೆಂಬ ಹೆಸರೇ ರೂಢಿ. ಪೋರ್ತುಗೀಸರ ನುಡಿಯಿಂದ ಬಂದ ಈ ಶಬ್ದ ಊರಿನದಾಯಿತು. ಬೆಳೆ ಮಾತ್ರ ಊರಿನದಾಗಲಿಲ್ಲ. ಪೇಟೆಯಿಂದ ತಂದ ಗಡ್ಡೆ ಮೊಳೆತುದನ್ನು ಕಂಡು ಹಿತ್ತಲಿನಲ್ಲಿ ಊರಿ, ಹುಲುಸಾದ ಗಿಡದ ಬುಡವನ್ನು ಅಗೆದಾಗ ಗೋಲಿಯಷ್ಟು ಫಲ ಪಡೆದು ನಿರಾಶರಾದವರು ಹಲವರು. ದೋಷವು ಕೈಯದಲ್ಲ, ಹವೆಯದು. ರಾತ್ರಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದಂತೆಲ್ಲ ಬಟಾಟೆಯಲ್ಲಿ ಗಡ್ಡೆ ಕಟ್ಟುವ ಕ್ರಿಯೆ ಕುಗ್ಗುತ್ತದೆ. ಹಾಸನ, ಬೆಳಗಾವಿಗಳಿಗೆ ಒದಗಿದ ತಂಪು ಕಡಲ ತಡಿಗೆ ಒದಗಿಲ್ಲ.

ಆದರೂ ಬಟಾಟೆಯ ಬಿತ್ತನೆಯಿಂದ ಕಲಿಯತಕ್ಕದ್ದು ಬಹಳವಿದೆ. ನೆಡುವ ಮುನ್ನ ಗಡ್ಡೆಗಳನ್ನು ನೇರ ಬಿಸಿಲು ತಾಗದ, ಬೆಳಕಿರುವ ಸ್ಥಳದಲ್ಲಿ ಒಂದೇ ಪದರವಾಗಿ ಹರಡಿದರೆ ಗಿಡ್ಡವೂ ದೃಢವೂ ಆದ ಮೊಳಕೆಗಳು ಹೊರಡುತ್ತವೆ. ಹೀಗೆ ಹಸಿರಾದ ಗಡ್ಡೆಯನ್ನು ಅಡಿಗೆಗೆ ಬಳಸಬಾರದು, ಅದರಲ್ಲಿ ವಿಷಾಂಶವಿರುತ್ತದೆ. ಕೋಳಿಮೊಟ್ಟೆಯಷ್ಟಿರುವುದನ್ನು ಇಡಿಯಾಗಿಯೇ ನೆಡುವುದು ಲೇಸು. ದೊಡ್ಡದನ್ನು ಕತ್ತರಿಸಿದರೆ ಹೋಳಿಗೆ ಎರಡು ಮೂರು ಕಣ್ಣುಗಳಾದರೂ ಇರಬೇಕು. ರೋಗದ ಗಡ್ಡೆ ರೋಗವನ್ನೇ ಬಿತ್ತುತ್ತದೆ. 1845ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡ ಅಂಗಮಾರಿಯಿಂದ ಬೆಳೆ ನಾಶವಾಗಿ, ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿಗೂ ಅದರ ಬೆನ್ನಿಗೇ ಬಂದ ಜ್ವರಗಳಿಗೂ ಬಲಿಯಾದರು.

ಇದೇ ವಿಧಾನವು ಕರಾವಳಿಯಲ್ಲಿ ಸಾರ್ಥಕವಾಗುವುದು ಸುವರ್ಣಗಡ್ಡೆಯಲ್ಲಿ. ಸೆಕೆ, ಮಳೆ, ತೆಂಗು ಬಾಳೆಗಳ ಅರೆನೆರಳು, ಇವೆಲ್ಲ ಅದಕ್ಕೆ ಒಗ್ಗಿದವು. ಬಟಾಟೆಗೆ ಮೈಯೆಲ್ಲ ಕಣ್ಣುಗಳಿದ್ದರೆ ಇದಕ್ಕೆ ನೆತ್ತಿಯ ನಡುವೆ ಒಂದೇ ಪ್ರಧಾನ ಮೊಳಕೆ. ಆದ್ದರಿಂದ ಅಡಿಗೆಗೆ ಹೆಚ್ಚುವಂತೆ ಅಡ್ಡಲಾಗಿ ಕೊಯ್ಯದೆ, ನೆತ್ತಿಯಿಂದ ಬುಡದವರೆಗೆ ಸೀಳಿ, ಪ್ರತಿಯೊಂದು ಹೋಳಿಗೂ ನಡುಮೊಳಕೆಯ ಪಾಲು ಬರುವಂತೆ ನೋಡಿಕೊಳ್ಳಬೇಕು. ಹೋಳು ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ತೂಗಿದರೆ ಉತ್ತಮ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ತುರಿಕೆ ಕಡಿಮೆ. ತುರಿಕೆಗೆ ಕಾರಣ ಅದರೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳು.

ಕೊಯ್ದ ಹೋಳುಗಳನ್ನು ಸೆಗಣಿಯ ಗಂಜಿಯಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸುವುದು ವಾಡಿಕೆ. ಕೊಯ್ದ ಮುಖ ಒಣಗದೆ ನೆಟ್ಟ ಹೋಳು ಮಣ್ಣಿನೊಳಗೇ ಕೊಳೆತು ಹೋಗುವುದುಂಟು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ನಾಡಿನಲ್ಲಿ ಅವಸರವೇ ಮೊದಲ ಶತ್ರು. ಮಾರ್ಚಿಯಿಂದ ಮೇ ತಿಂಗಳೊಳಗೆ, ಮಳೆ ಹಿಡಿಯುವ ಮುನ್ನ, ಸುಮಾರು 60 ಸೆಂಟಿಮೀಟರ್ ಆಳ ಅಗಲಗಳ ಗುಂಡಿಗಳನ್ನು 90 ಸೆಂಟಿಮೀಟರ್ ಅಂತರದಲ್ಲಿ ತೋಡಿ, ಮೇಲ್ಮಣ್ಣು, ಕೊಳೆತ ಗೊಬ್ಬರ, ಒಲೆಯ ಬೂದಿ ತುಂಬಿ, ಮೊಳಕೆಯ ಮುಖ ಮೇಲಾಗಿರುವಂತೆ ನೆಟ್ಟು ತರಗೆಲೆ ಮುಚ್ಚಬೇಕು. ಗದ್ದೆಯಂಚಿನ ತಗ್ಗು ನೆಲ ಸಲ್ಲದು. ನೀರು ಬಸಿಯುವ ಚಿರೆಕಲ್ಲಿನ ಏರು ಮೇಲು.

ತಳಿಯ ಆಯ್ಕೆಯಲ್ಲೊಂದು ಇಕ್ಕಟ್ಟಿದೆ. ಆಂಧ್ರಪ್ರದೇಶದಿಂದ ಬಂದ ಗಜೇಂದ್ರ ತಳಿಯಲ್ಲಿ ತುರಿಕೆ ಅಲ್ಪ, ಗಾತ್ರ ದೊಡ್ಡದು. ಆದರೆ ಅದು ಮರಿಗಡ್ಡೆಗಳನ್ನು ಬಿಡುವುದು ತೀರ ವಿರಳ. ಬಿತ್ತನೆಗಾಗಿ ತಿನ್ನುವ ಗಡ್ಡೆಯನ್ನೇ ತೆಗೆದಿರಿಸಬೇಕಾಗುತ್ತದೆ. ನಾಟಿ ತಳಿಯಾದರೋ ತುರಿಸಿದರೂ ಸುತ್ತಲೂ ಮರಿಗಳನ್ನಿಕ್ಕುತ್ತದೆ. ಅವುಗಳನ್ನು ಎರಡು ಮೂರು ಮಳೆಗಾಲ ಕಾದರೆ ದೊಡ್ಡ ಗಡ್ಡೆಗಳಾಗುತ್ತವೆ. ತುರಿಕೆಗೆ ಹುಣಿಸೆಹುಳಿಯ ಪರಿಹಾರ ಅಡಿಗೆಮನೆಯಲ್ಲಿದೆ, ಕಳೆದುಹೋದ ಬಿತ್ತನೆಗೆ ಅಂಥ ಪರಿಹಾರವಿಲ್ಲ. ನಾಟಿ ತಳಿಯ ನಾಲ್ಕು ಬುಡಗಳನ್ನಾದರೂ ಹಿತ್ತಲಿನಲ್ಲಿ ಉಳಿಸಿಕೊಳ್ಳುವುದು ಉಚಿತ.

ಎಂಟೊಂಬತ್ತು ತಿಂಗಳಲ್ಲಿ ಎಲೆ ಹಳದಿಯಾಗಿ ದಂಟು ಬಾಗಿ ಬಿದ್ದಾಗ ಅಗೆಯುವ ಕಾಲ. ಗುದ್ದಲಿಯ ಗಾಯ ತಗಲಿದುದನ್ನು ಮೊದಲು ಅಡಿಗೆಗೆ ಕಳುಹಿಸಿ, ಗಾಯವಿಲ್ಲದ, ನೆತ್ತಿ ಗಟ್ಟಿಯಾದ ಗಡ್ಡೆಗಳನ್ನು ಗಾಳಿಯಾಡುವ ಅಟ್ಟದಲ್ಲಿ ಒಂದನ್ನೊಂದು ತಾಗದಂತೆ ಇರಿಸಿ, ಮುಂದಿನ ಬೇಸಿಗೆಯಲ್ಲಿ ನೆತ್ತಿಯ ಮೊಳಕೆ ಉಬ್ಬುವವರೆಗೆ ಆಗಾಗ ಮುಟ್ಟಿ ನೋಡುತ್ತಿರಬೇಕು.