ಹೊಸ ಕೆಲಸ, ಹಳೆಯ ಮಾತ್ರೆ

ನನಗೆ ಬೈಪೋಲಾರ್ ಕಾಯಿಲೆ ಇದೆ. ಬಹಳ ವರ್ಷಗಳಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇತ್ತೀಚೆಗೆ ಬೆಂಗಳೂರಿನಲ್ಲೇ ಇನ್ನೊಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿಕೊಂಡೆ. ಆಫರ್ ಲೆಟರ್ ಕೈಗೆ ಬಂದಾಗ ಮನೆಯವರೆಲ್ಲ ಸಂಬಳ ಎಷ್ಟು ಹೆಚ್ಚಾಯಿತು ಎಂದು ಕೇಳಿದರು. ನಾನು ಹಾಕುತ್ತಿದ್ದ ಲೆಕ್ಕ ಬೇರೆ. ಈ ಕೆಲಸದಲ್ಲಿರುವಾಗ ಕಾಯಿಲೆ ಮರುಕಳಿಸಿ ಒಂದು ತಿಂಗಳು ಆಫೀಸಿಗೆ ಹೋಗಲಾಗದಿದ್ದರೆ ಯಾರು ಎಷ್ಟು ಕೊಡುತ್ತಾರೆ? ಮಾನಸಿಕ ಕಾಯಿಲೆ ಇರುವವರು ಯಾವುದೇ ಕೆಲಸವನ್ನು ಅದರ ಒಳ್ಳೆಯ ತಿಂಗಳಿನಿಂದ ಅಳೆಯಬಾರದು, ಕೆಟ್ಟ ತಿಂಗಳಿನಿಂದ ಅಳೆಯಬೇಕು ಎಂದು ನಾನು ನಂಬಿದ್ದೇನೆ.

ಮೊದಲು ತೀರಾ ಸಣ್ಣದಾಗಿ ಕಾಣುವ ವಿಷಯ, ಮೊದಲ ಸಂಬಳದ ತಾರೀಖು. ತಿಂಗಳ 20ನೆಯ ತಾರೀಖೋ 25ನೆಯ ತಾರೀಖೋ ದಾಟಿದ ಮೇಲೆ ಸೇರಿದವರಿಗೆ ಆ ದಿನಗಳ ಸಂಬಳ ಮುಂದಿನ ತಿಂಗಳ ಸಂಬಳದ ಜೊತೆಗೇ ಬರುವುದು ಅನೇಕ ಕಡೆ ರೂಢಿ. ಹಳೆಯ ಕಂಪನಿಯ ಲೆಕ್ಕ ಚುಕ್ತಾ ಆಗುವುದೂ ಎಷ್ಟೋ ಸಲ ತಡ. ಇದರ ನಡುವೆ ಮನೆ ಬದಲಿಸಿದರೆ ಬೆಂಗಳೂರಿನ ಬಾಡಿಗೆ ಅಡ್ವಾನ್ಸ್ ಇದ್ದಬದ್ದ ಉಳಿತಾಯವನ್ನೆಲ್ಲ ಗುಡಿಸಿಬಿಡುತ್ತದೆ. ಹೀಗೆ ಕೈ ಖಾಲಿಯಾದಾಗ ಜನ ಮೊದಲು ಕೈಬಿಡುವುದು ಮಾತ್ರೆಯನ್ನೇ. ‘ಈಗ ಚೆನ್ನಾಗಿದ್ದೀನಲ್ಲ, ಸಂಬಳ ಬಂದ ಮೇಲೆ ತಗೊಂಡರಾಯಿತು’ ಅನ್ನಿಸುತ್ತದೆ. ಲಿಥಿಯಂ ಅನ್ನು ಏಕಾಏಕಿ ನಿಲ್ಲಿಸಿದರೆ ಕಾಯಿಲೆ ತಿರುಗಿ ಬರುವ ಅಪಾಯ ಹೆಚ್ಚು. ಅದು ಬರುವುದೂ ಪ್ರೊಬೇಷನ್ ನಡೆಯುತ್ತಿರುವಾಗಲೇ.

ಆದ್ದರಿಂದ ರಾಜೀನಾಮೆ ಕೊಡುವ ಮೊದಲೇ ಮೂರು ತಿಂಗಳ ಚಿಕಿತ್ಸೆಯ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟೆ. ಡಾಕ್ಟರ ಫೀಸು, ಮಾತ್ರೆ, ರಕ್ತಪರೀಕ್ಷೆ ಎಲ್ಲ ಸರಾಸರಿ ಹಿಡಿದರೆ ನನಗೆ ತಿಂಗಳಿಗೆ ಸುಮಾರು 3,000 ರೂಪಾಯಿ. ಲಿಥಿಯಂ ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್, ಕ್ರಿಯಾಟಿನಿನ್ ಇವನ್ನೆಲ್ಲ ಆಗಾಗ ನೋಡಿಸಿಕೊಳ್ಳಲೇಬೇಕು, ಅದನ್ನು ಖರ್ಚಿನ ಪಟ್ಟಿಯಿಂದ ಬಿಡಬೇಡಿ. ಮಾತ್ರೆಯ ಬೆಲೆ ಮಾತ್ರ ಅಷ್ಟೇನೂ ಹೆದರಿಸುವುದಿಲ್ಲ. ಲಿಥಿಯಂ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಅದರ ದರಕ್ಕೆ ಸರ್ಕಾರದ ಮಿತಿ ಇದೆ. ಮನೋರೋಗದ ಹಲವು ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಇನ್ನೂ ಅಗ್ಗ. ಆದರೆ ಬ್ರ್ಯಾಂಡ್ ಬದಲಿಸುವಾಗ ಡಾಕ್ಟರನ್ನು ಕೇಳಿಯೇ ಬದಲಿಸಿ. ನಿಧಾನವಾಗಿ ಕರಗುವ ಮಾತ್ರೆಗೂ ಸಾದಾ ಮಾತ್ರೆಗೂ ವ್ಯತ್ಯಾಸವಿದೆ.

ಈಗ ಮೆಡಿಕ್ಲೇಮ್ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯಬೇಕು.

2016ರಲ್ಲಿ ನಾನು ಆಸ್ಪತ್ರೆ ಸೇರಿದ್ದಾಗ ಅಪ್ಪ ವಿಮೆಯ ಕಾರ್ಡು ಹಿಡಿದುಕೊಂಡು ಬಿಲ್ಲಿಂಗ್ ಕೌಂಟರಿಗೆ ಹೋದರು. ಪಾಲಿಸಿಯಲ್ಲಿ ಮಾನಸಿಕ ಕಾಯಿಲೆಗೆ ಕವರ್ ಇಲ್ಲ ಎಂದು ಅಲ್ಲಿ ಹೇಳಿದರು. ಹೊರತಾದ ಕಾಯಿಲೆಗಳ ಪಟ್ಟಿಯಲ್ಲಿ ಅದು ಸ್ಪಷ್ಟವಾಗಿ ಅಚ್ಚಾಗಿಯೇ ಇತ್ತು. ಸಂಜೆ ಅಮ್ಮನ ಎರಡು ಬಳೆ ಊರಿನ ಸಹಕಾರ ಸಂಘದಲ್ಲಿ ಅಡವಿಗೆ ಹೋದವು. ಆ ರಸೀದಿಯನ್ನು ಅಮ್ಮ ಪಂಚಾಂಗದೊಳಗೆ ಮಡಚಿ ಇಟ್ಟುಕೊಂಡಿದ್ದರು, ಬಡ್ಡಿ ಕಟ್ಟುವ ತಾರೀಖು ಮರೆಯದಿರಲಿ ಎಂದು.

ಇವತ್ತು ಕಾನೂನು ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ದೈಹಿಕ ಕಾಯಿಲೆಗೆ ವಿಮೆ ಯಾವ ಆಧಾರದ ಮೇಲೆ ಸಿಗುತ್ತದೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಸಿಗಬೇಕು ಎಂದು ಅದರ 21ನೆಯ ಸೆಕ್ಷನ್ ಹೇಳುತ್ತದೆ. ಇದನ್ನು ಪಾಲಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟ್‌ನಲ್ಲೂ 2022ರಲ್ಲೂ ಕಂಪನಿಗಳಿಗೆ ಸೂಚಿಸಿತು. ಈ ಕಾಯ್ದೆಯನ್ನೇ ಆಧಾರವಾಗಿಟ್ಟುಕೊಂಡು 2021ರಲ್ಲಿ ದೆಹಲಿ ಹೈಕೋರ್ಟ್ ಕೂಡ ರೋಗಿಯೊಬ್ಬರ ಪರವಾಗಿ ತೀರ್ಪು ಕೊಟ್ಟಿದೆ. ಯಾರಾದರೂ ‘ಮೆಂಟಲ್ ಕೇಸಿಗೆ ಇನ್ಶೂರೆನ್ಸ್ ಬರಲ್ಲ’ ಅಂದರೆ ಒಪ್ಪಿಕೊಂಡು ವಾಪಸ್ ಬರಬೇಡಿ. ನಿರಾಕರಣೆಯನ್ನು ಬರಹದಲ್ಲಿ ಕೇಳಿ, ಮೊದಲು ವಿಮಾ ಕಂಪನಿಗೇ ಬರಹದಲ್ಲಿ ದೂರು ಕೊಡಿ, ಅಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ.

ಹೊಸ ಕೆಲಸದ ಗ್ರೂಪ್ ಪಾಲಿಸಿಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಇಂಥ ಬಹುಪಾಲು ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಗೂ ಸೇರಿದ ದಿನದಿಂದಲೇ ರಕ್ಷಣೆ ಸಿಗುತ್ತದೆ. ಸ್ವಂತವಾಗಿ ಕೊಂಡ ಪಾಲಿಸಿಯಲ್ಲಾದರೆ ಮೂರು ವರ್ಷದವರೆಗೂ ಕಾಯಿಸಬಹುದು. ಆದರೆ ಬಹುಪಾಲು ಎಂದರೆ ಎಲ್ಲವೂ ಅಲ್ಲ. ನಾನು ಎಚ್‌ಆರ್‌ಗೆ ಎರಡೇ ಸಾಲಿನ ಮೇಲ್ ಹಾಕಿದೆ: ‘ಗ್ರೂಪ್ ಪಾಲಿಸಿಯ ಪೂರ್ತಿ ಪ್ರತಿ ಮತ್ತು ರಜೆಯ ನಿಯಮಗಳನ್ನು ದಯವಿಟ್ಟು ಕಳಿಸಿ, ಓದಿ ಒಪ್ಪಿಗೆ ತಿಳಿಸುತ್ತೇನೆ.’ ಕಾರಣ ಬರೆಯಲಿಲ್ಲ, ಅವರೂ ಕೇಳಲಿಲ್ಲ. ಮಡಚಿದ ಕರಪತ್ರ ಸಾಲದು, ಪಾಲಿಸಿಯೇ ಬೇಕು. ಅದರಲ್ಲಿ ಮಾನಸಿಕ ಕಾಯಿಲೆಗೆ ಪ್ರತ್ಯೇಕ ಮಿತಿ ಹಾಕಿದ್ದಾರೆಯೇ, ಓಪಿಡಿ ಖರ್ಚು ಸೇರಿದೆಯೇ ಎಂದು ನೋಡಿ. ಮನೋರೋಗದಲ್ಲಿ ವರ್ಷದ ಬಹುಭಾಗ ನಡೆಯುವುದು ಓಪಿಡಿ ಚಿಕಿತ್ಸೆಯೇ. 24 ಗಂಟೆ ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುವ ಪಾಲಿಸಿ ನಮ್ಮ ಕೆಟ್ಟ ತಿಂಗಳಿಗೆ ಆಗಿಬರುತ್ತದೆ, ಉಳಿದ ತಿಂಗಳುಗಳ ಖರ್ಚು ನಮ್ಮದೇ.

ಈ ವಿಷಯದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡಿನ ಬೆಲೆ ನಮ್ಮ ಜನಕ್ಕೆ ತಿಳಿದಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿರುವ ನನ್ನ ಚಿಕ್ಕಪ್ಪನ ಮಗ ಸ್ಕಿಜೋಫ್ರೇನಿಯಾಗೆ ಚಿಕಿತ್ಸೆ ಪಡೆಯುತ್ತಿದ್ದಾನೆ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರು ಇಎಸ್‌ಐಗೆ ಸೇರುತ್ತಾರೆ. ಅವರ ಪಾಲು ವೇತನದ ಶೇಕಡಾ 0.75, ಮಾಲೀಕರ ಪಾಲು ಶೇಕಡಾ 3.25. ಇಷ್ಟಕ್ಕೆ ಓಪಿಡಿ, ಮಾತ್ರೆ, ದಾಖಲಾತಿ ಎಲ್ಲ ಸಿಗುತ್ತದೆ. ಜೊತೆಗೆ ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇಕಡಾ 70 ಕೊಡುತ್ತಾರೆ. ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ಮನೋರೋಗಗಳೂ ಇವೆ. ಎರಡು ವರ್ಷ ಸತತ ಸೇವೆಯಾದವರಿಗೆ ಅಂಥ ಕಾಯಿಲೆಯಲ್ಲಿ ವೇತನದ ಶೇಕಡಾ 80 ಇನ್ನೂ ಹೆಚ್ಚು ಕಾಲ ಸಿಗುತ್ತದೆ. ಅವನಿಗೆ ಹೋದ ವರ್ಷ ಬೇರೆ ಕಡೆ 22,500 ರೂಪಾಯಿಯ ಕೆಲಸ ಬಂತು. ‘ಅಕ್ಕಾ, ಹೋಗ್ಲಾ?’ ಎಂದು ಕೇಳಿದ. ‘ಅಲ್ಲಿ ಇಎಸ್‌ಐ ಇಲ್ಲವಲ್ಲೋ, ಮೆಡಿಕ್ಲೇಮ್ ಏನು ಕೊಡ್ತಾರೆ ಕೇಳಿದ್ಯಾ?’ ಅಂದೆ. ಅಲ್ಲಿ ಕೊಡುತ್ತಿದ್ದದ್ದು ಅಪಘಾತ ವಿಮೆ ಮಾತ್ರ. ಅವನು ಹೋಗಲಿಲ್ಲ. ಆ ತೀರ್ಮಾನ ಸರಿ ಎಂದು ಈಗಲೂ ಹೇಳುತ್ತೇನೆ.

ನಾನೂ ಹೆಚ್ಚು ದುಡ್ಡಿನ ಒಂದು ಕೆಲಸವನ್ನು ಬಿಟ್ಟಿದ್ದೇನೆ. ಅದು ಅಮೆರಿಕದ ಗ್ರಾಹಕರ ಲೆಕ್ಕಪತ್ರ ನೋಡುವ ಕೆಲಸ, ನೈಟ್ ಶಿಫ್ಟ್, ಅದಕ್ಕೆ ಪ್ರತ್ಯೇಕ ಭತ್ಯೆ. ಬೈಪೋಲಾರ್ ಇರುವವರಿಗೆ ನಿದ್ದೆ ಕೆಟ್ಟರೆ ಮೇನಿಯಾ ಶುರುವಾಗಬಹುದು. ಒಂದು ಸಲ ಆಸ್ಪತ್ರೆ ಸೇರಿದರೆ ವರ್ಷದ ಭತ್ಯೆಯಷ್ಟೂ ಹೋಗುತ್ತದೆ, ಅದರ ಹಿಂದೆ ಎಷ್ಟೋ ತಿಂಗಳು ಹೋಗುತ್ತವೆ.

ಮೇನಿಯಾ ಬಂದಾಗ ಹಣ ನೀರಿನಂತೆ ಖರ್ಚಾಗುವುದು ಕಾಯಿಲೆಯ ಲಕ್ಷಣ, ಸ್ವಭಾವದ ದೋಷವಲ್ಲ. ಹೊಸ ಕೆಲಸದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹೊಸ ಸ್ಯಾಲರಿ ಅಕೌಂಟಿಗೆ ಮೊದಲ ಸಂಬಳ ಬಿದ್ದ ಬೆನ್ನಿಗೇ ‘ನಿಮಗೆ ಪರ್ಸನಲ್ ಲೋನ್ ಮಂಜೂರಾಗಿದೆ’ ಎಂಬ ಮೆಸೇಜು, ಕ್ರೆಡಿಟ್ ಕಾರ್ಡಿನ ಫೋನು ಶುರುವಾಗುತ್ತವೆ. ಚೆನ್ನಾಗಿರುವಾಗಲೇ ಬೇಲಿ ಹಾಕಿಕೊಳ್ಳಬೇಕು. ಸಂಬಳ ಬಂದ ದಿನವೇ ಉಳಿತಾಯದ ಪಾಲು ನನ್ನ ಮತ್ತು ಅಕ್ಕನ ಜಂಟಿ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟಿದ್ದೇನೆ. ಆ ಖಾತೆಯ ಮೆಸೇಜು ಅಕ್ಕನ ಮೊಬೈಲಿಗೆ ಹೋಗುತ್ತದೆ. ಯುಪಿಐ ಇರುವುದು ಖರ್ಚಿನ ಖಾತೆಗೆ ಮಾತ್ರ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಕಾರ್ಡಿನ ಆನ್‌ಲೈನ್ ಬಳಕೆಯನ್ನು ನಾವೇ ನಿಲ್ಲಿಸಬಹುದು, ಮಿತಿಯನ್ನೂ ಇಳಿಸಬಹುದು. ನಾನು ಎರಡನ್ನೂ ಮಾಡಿದ್ದೇನೆ. ಒಂದು ರಾತ್ರಿ ಜಂಟಿ ಖಾತೆಯಿಂದ ದುಡ್ಡು ಹೊರಟ ಮೆಸೇಜು ನೋಡಿ ಅಕ್ಕ ತಕ್ಷಣ ಫೋನ್ ಮಾಡಿದಳು. ‘ಎರಡು ಗಂಟೆ ಆಯ್ತು, ಇನ್ನೂ ಯಾಕೆ ಎದ್ದಿದೀಯೇ? ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ.’ ಆಗ ಮಾತ್ರೆಯ ಪ್ರಮಾಣ ಸರಿಮಾಡಿದ್ದರಿಂದ ಆಸ್ಪತ್ರೆ ಸೇರುವುದು ತಪ್ಪಿತು.

ಆಫೀಸಿನಲ್ಲಿ ಹೇಳಬೇಕೇ ಎಂದು ಬಹಳ ಜನ ಕೇಳುತ್ತಾರೆ. ವಿಮೆಯ ಅರ್ಜಿಯಲ್ಲಿ ಪೂರ್ತಿ ನಿಜ ಬರೆಯಿರಿ, ಮುಚ್ಚಿಟ್ಟರೆ ಕ್ಲೇಮ್ ಹೋಗುತ್ತದೆ. ಕಂಪನಿಯ ಫಾರ್ಮಿನಲ್ಲಿ ನೇರವಾಗಿ ಕೇಳಿದ್ದರೆ ಸುಳ್ಳು ಬರೆಯಬೇಡಿ. ಉಳಿದಂತೆ ನಂಬಿಕೆ ಹುಟ್ಟುವವರೆಗೆ ಕಾಯುವುದರಲ್ಲಿ ತಪ್ಪಿಲ್ಲ. ಚಿಕಿತ್ಸೆಯ ವಿವರದ ಗೋಪ್ಯತೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟಿರುವ ಹಕ್ಕು. ನಾನು ಮ್ಯಾನೇಜರ್‌ಗೆ ಹೇಳಿದ್ದು ಇಷ್ಟೇ: ‘ಸರ್, ನನಗೆ ದೀರ್ಘಕಾಲದ ಒಂದು ಕಾಯಿಲೆ ಇದೆ, ಆಗಾಗ ಅರ್ಧ ದಿನ ಆಸ್ಪತ್ರೆಗೆ ಹೋಗಬೇಕು.’ ‘ಹೋಗಿ ಬನ್ನಿ ಮೇಡಂ, ಮೊದಲೇ ತಿಳಿಸಿ’ ಅಂದರು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕಾಯಿಲೆ ಮುಂತಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ, ಮೊದಲ ವರ್ಷದಲ್ಲೂ ಇದೆ. ಅದನ್ನು ಜ್ವರ ನೆಗಡಿಗೆ ಖರ್ಚು ಮಾಡದೆ ಉಳಿಸಿಕೊಂಡಿದ್ದೇನೆ.

ತೆರಿಗೆಯ ಬಗ್ಗೆ ಒಂದೇ ಮಾತು. ಮಾನಸಿಕ ಕಾಯಿಲೆಯಿಂದ ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯ ಇದೆ ಎಂದು ಸರ್ಕಾರಿ ಪ್ರಮಾಣಪತ್ರ ಇರುವವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ, ಶೇಕಡಾ 80 ಅಥವಾ ಹೆಚ್ಚಿದ್ದರೆ 1.25 ಲಕ್ಷ ರೂಪಾಯಿ ಕಡಿತ ಉಂಟು. 80ಯು ಎಂದು ಎಲ್ಲರೂ ಕರೆಯುವುದು ಇದನ್ನೇ. ಆಫೀಸಿಗೆ ತಿಳಿಯುವುದು ಬೇಡ ಅನ್ನಿಸಿದರೆ ಅಲ್ಲಿ ಘೋಷಿಸದೆ ರಿಟರ್ನ್ ಸಲ್ಲಿಸುವಾಗ ನೇರವಾಗಿ ಕೇಳಿಕೊಳ್ಳಬಹುದು.

ಹೊಸ ಕೆಲಸದ ಒತ್ತಡದಲ್ಲಿ ತಲೆ ಕೆಟ್ಟಂತಾದಾಗ, ಡಾಕ್ಟರು ತಕ್ಷಣ ಸಿಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ ಎಚ್‌ಆರ್ ವಿಭಾಗಗಳಲ್ಲಿ ಕೆಲಸ ಮಾಡುವ ಓದುಗರಲ್ಲಿ ಒಂದು ವಿನಂತಿ. ಆಫರ್ ಲೆಟರಿನ ಜೊತೆಗೇ ಗ್ರೂಪ್ ಪಾಲಿಸಿಯ ಪೂರ್ತಿ ಪ್ರತಿಯನ್ನು ಎಲ್ಲರಿಗೂ ಕಳಿಸಿ, ಯಾರೂ ಕೇಳಿ ಪಡೆಯಬೇಕಾಗದಿರಲಿ. ತಡವಾಗಿ ಸೇರಿದವರಿಗೆ ಮೊದಲ ತಿಂಗಳೇ ಸ್ವಲ್ಪ ಮುಂಗಡ ಕೊಡಿ. ಮುಂದಿನ ಸಲ ಪಾಲಿಸಿ ನವೀಕರಿಸುವಾಗ ಓಪಿಡಿಯನ್ನೂ ಸೇರಿಸಿ ದರ ಕೇಳಿ ನೋಡಿ. ನಿಮ್ಮ ಸಿಬ್ಬಂದಿಯಲ್ಲಿ ನನ್ನಂಥವರು ಈಗಾಗಲೇ ಇದ್ದಾರೆ.