ಆನೆ ಸೀಮೆಯ ತರಗತಿಯಲ್ಲಿ ‘ಹಿಂದೆ ಹೋಗುವ’ ಇಂಗ್ಲಿಷ್ ಕ್ರಿಯಾಪದಗಳು

ಪ್ರೌಢಶಾಲೆಯ ಮಕ್ಕಳು ಬಳಸುವ ಗೈಡುಗಳಲ್ಲಿ ‘ಫಾಲೋ’ ಎಂದರೆ ಹಿಂಬಾಲಿಸು, ‘ಪರ್ಸ್ಯೂ’ ಎಂದರೂ ಹಿಂಬಾಲಿಸು, ‘ಚೇಸ್’ ಎಂದರೆ ಬೆನ್ನಟ್ಟು ಅಥವಾ ಹಿಂಬಾಲಿಸು ಎಂದಿರುತ್ತದೆ. ಸಮಾನಾರ್ಥಕ ಪದಗಳೆಂದು ಒಂದೇ ಸಾಲಿನಲ್ಲಿ ಬರೆಸಿ, ಕಂಠಪಾಠ ಮಾಡಿಸಿ ಮುಂದಕ್ಕೆ ಹೋಗುವುದು ರೂಢಿ. ಸಕಲೇಶಪುರ, ಆಲೂರು ಕಡೆಯ ಶಾಲೆಯಲ್ಲಿ ಹಾಗೆ ಮಾಡಲು ಬರುವುದಿಲ್ಲ. ಇಲ್ಲಿನ ಮಕ್ಕಳಿಗೆ ಆನೆ ಹಿಂದೆ ಬರುವುದಕ್ಕೂ ಅಟ್ಟಿಸಿಕೊಂಡು ಬರುವುದಕ್ಕೂ ಇರುವ ವ್ಯತ್ಯಾಸ ಯಾವ ನಿಘಂಟಿಗಿಂತಲೂ ಚೆನ್ನಾಗಿ ಗೊತ್ತು.

ಅಭ್ಯಾಸ ಬೋಧನೆಯಲ್ಲಿ ನನ್ನ ವಿಷಯಗಳು ವಿಜ್ಞಾನ ಮತ್ತು ಗಣಿತ. ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ ಎಂಟನೇ ತರಗತಿಯ ಎರಡು ಅವಧಿಗಳು ನನಗೆ ಬಂದವು. ತೊಡಗಿಸಿಕೊಳ್ಳುವ ಹಂತದಲ್ಲಿ ಚಿತ್ರಪಟ ತೋರಿಸುವ ಬದಲು, ಆನೆಯ ಬಗ್ಗೆ ಒಂದೊಂದು ಇಂಗ್ಲಿಷ್ ವಾಕ್ಯ ಬರೆಯಿರಿ ಎಂದೆ. ಅಪ್ಪ ಕಾಫಿ ತೋಟಕ್ಕೆ ಹೋದಾಗ ನಡೆದದ್ದನ್ನು ಒಬ್ಬ ಹುಡುಗ ‘ದಿ ಎಲಿಫೆಂಟ್ ಫಾಲೋಡ್ ಮೈ ಫಾದರ್’ ಎಂದು ಬರೆದಿದ್ದ. ವ್ಯಾಕರಣದಲ್ಲಿ ತಪ್ಪಿಲ್ಲ. ‘ಹೇಗೆ ಬಂತು, ಕನ್ನಡದಲ್ಲಿ ಹೇಳು’ ಎಂದು ಕೇಳಿದೆ. ‘ಅಟ್ಟಿಸ್ಕೊಂಡ್ ಬಂತು ಮಿಸ್. ಅಪ್ಪ ಬೈಕ್ ಬಿಟ್ಟು ಓಡಿದ್ರು.’ ಅವನ ಇಂಗ್ಲಿಷ್ ವಾಕ್ಯದಲ್ಲಿ ಓಟವೂ ಇಲ್ಲ, ಭಯವೂ ಇಲ್ಲ. ಸಾಕಿದ ಆನೆಯೊಂದು ಅಪ್ಪನ ಹಿಂದೆ ನಿಧಾನವಾಗಿ ನಡೆದು ಬಂದಂತಿದೆ.

ಆಮೇಲೆ ಕಪ್ಪುಹಲಗೆಯ ಒಂದು ಬದಿಗೆ ಮಕ್ಕಳ ಮಾತುಗಳನ್ನೇ ಬರೆದೆ: ಹಿಂದೆ ಬಾ, ಅಟ್ಟಿಸಿಕೊಂಡು ಬಾ, ಓಡಿಸು, ಜಾಡು ಹಿಡಿ, ಬೆನ್ನು ಹತ್ತು, ಹೊಂಚು ಹಾಕು. ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಪದಗಳು. ಇವೆರಡನ್ನು ಗೆರೆ ಎಳೆದು ಜೋಡಿಸಲು ನಾನು ಜೀವಶಾಸ್ತ್ರದ ಉಪಾಯವೊಂದನ್ನು ಬಳಸಿಕೊಂಡೆ. ಗಿಡಗಳನ್ನು ಗುರುತಿಸುವಾಗ ಹೌದು-ಇಲ್ಲ ಪ್ರಶ್ನೆಗಳ ಕೀಲಿ ಬಳಸುತ್ತೇವಲ್ಲ, ಅದೇ. ಮುಂದಿರುವವನು ಹಿಂದಿರುವವನ ಕಣ್ಣಿಗೆ ಕಾಣುತ್ತಿದ್ದಾನೆಯೇ? ಹಿಂದಿರುವವನಿಗೆ ಹಿಡಿಯಬೇಕೆಂದಿದೆಯೇ, ಓಡಿಸಬೇಕೆಂದಿದೆಯೇ? ಹಿಂದೆ ಯಾರೋ ಇದ್ದಾರೆಂದು ಮುಂದಿರುವವನಿಗೆ ಗೊತ್ತೇ?

‘ಫಾಲೋ’ ಈ ಯಾವ ಪ್ರಶ್ನೆಗೂ ಖಚಿತ ಉತ್ತರ ಕೊಡುವುದಿಲ್ಲ. ಮರಿ ತಾಯಿಯನ್ನು, ವಿದ್ಯಾರ್ಥಿ ಸೂಚನೆಯನ್ನು, ಮಂಗಳವಾರ ಸೋಮವಾರವನ್ನು ಫಾಲೋ ಮಾಡಬಹುದು. ಉದ್ದೇಶ ಗೊತ್ತಿಲ್ಲದಾಗ ಅಥವಾ ಹೇಳಬೇಕಾಗಿಲ್ಲದಾಗ ಬಳಸುವ ಪದ ಅದು. ‘ಚೇಸ್’ ಹಾಗಲ್ಲ, ಅದರಲ್ಲಿ ವೇಗವಿದೆ, ಮುಂದೆ ಓಡುವವನೂ ಇದ್ದಾನೆ. ‘ಚೇಸ್’ ಮತ್ತು ‘ಕ್ಯಾಚ್’ ಎರಡೂ ಹಳೆಯ ಫ್ರೆಂಚಿನ ಮೂಲಕ ಒಂದೇ ಲ್ಯಾಟಿನ್ ಮೂಲದಿಂದ ಬಂದ ಪದಗಳು ಎಂದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿದರು. ಕ್ರಿಕೆಟ್‌ನಲ್ಲಿ ರನ್ ಚೇಸ್ ಅವರಿಗೆ ಮೊದಲೇ ಗೊತ್ತು, ಅದನ್ನು ವಿವರಿಸಬೇಕಾಗಲಿಲ್ಲ.

ಆದರೆ ‘ಪೀಪಲ್ ಚೇಸ್ಡ್ ದಿ ಎಲಿಫೆಂಟ್’ ಎಂದರೆ ಜನ ಆನೆಯನ್ನು ಹಿಡಿಯಲು ಹೋದರೋ, ತೋಟದಿಂದ ಓಡಿಸಿದರೋ? ಕನ್ನಡದಲ್ಲಿ ‘ಅಟ್ಟಿದರು’ ಎಂದರೆ ಓಡಿಸಿದರು. ‘ಬೆನ್ನಟ್ಟಿದರು’ ಎಂದರೆ ಹಿಂದೆ ಓಡಿದರು. ಇಂಗ್ಲಿಷ್ ಈ ಕೆಲಸವನ್ನು ‘ಅವೇ’ ಎಂಬ ಸಣ್ಣ ಪದಕ್ಕೆ ವಹಿಸಿದೆ. ‘ಚೇಸ್ಡ್ ಅವೇ’ ಎಂದರೆ ಅನುಮಾನ ಉಳಿಯುವುದಿಲ್ಲ.

ಇದೇ ಹೊತ್ತಿಗೆ ಒಬ್ಬಳು ‘ಫಾರೆಸ್ಟ್ ಪೀಪಲ್ ಡ್ರೈವ್ ಎಲಿಫೆಂಟ್ಸ್’ ಎಂದು ಓದಿದಳು. ಆನೆಗೆ ಸ್ಟೀರಿಂಗ್ ಹಾಕಿದಂತೆ ತರಗತಿಯೆಲ್ಲ ನಕ್ಕಿತು. ಅವಳ ಪದ ಅಲ್ಲಿ ಆಡಿದ್ದರಲ್ಲೆಲ್ಲ ಅತ್ಯಂತ ನಿಖರವಾದದ್ದು. ಕಾರು ಬರುವುದಕ್ಕೆ ನೂರಾರು ವರ್ಷ ಮೊದಲೇ ‘ಡ್ರೈವ್’ ಎಂದರೆ ದನ ಹೊಡೆದುಕೊಂಡು ಹೋಗುವುದು. ಅರಣ್ಯ ಇಲಾಖೆಯವರು ಪಟಾಕಿ ಸಿಡಿಸಿ, ಕೂಗು ಹಾಕಿ ಹಿಂಡನ್ನು ತೋಟದಿಂದ ಕಾಡಿನತ್ತ ತಳ್ಳುವುದಕ್ಕೆ ಅದೇ ಸರಿಯಾದ ಪದ. ಹುಡುಗಿಗೆ ಎದ್ದು ನಿಂತು ಮತ್ತೊಮ್ಮೆ ಓದಲು ಹೇಳಿದೆ.

‘ಟ್ರ್ಯಾಕ್’ ಕಲಿಸುವುದು ಇಲ್ಲಿ ಬಹಳ ಸುಲಭ. ಹೆಜ್ಜೆ ಗುರುತು, ಲದ್ದಿ, ಸಿಗಿದು ಹಾಕಿದ ಬೈನೆ ಮರ ನೋಡಿ ಆನೆ ಎತ್ತ ಹೋಯಿತೆಂದು ಹೇಳುವವರು ಮಕ್ಕಳ ಮನೆಗಳಲ್ಲೇ ಇದ್ದಾರೆ. ಇಲ್ಲಿ ಆನೆ ಕಣ್ಣಿಗೆ ಕಾಣುವುದಿಲ್ಲ, ಗುರುತು ಮಾತ್ರ ಕಾಣುತ್ತದೆ. ಈ ಭಾಗದ ಕೆಲವು ಆನೆಗಳಿಗೆ ರೇಡಿಯೊ ಕಾಲರ್ ತೊಡಿಸಲಾಗಿದೆ. ಹಿಂದೆ ಯಾರೂ ಹೋಗದೆ, ಉಪಗ್ರಹದ ಸಹಾಯದಿಂದ ಅವು ಇರುವ ಜಾಗ ತಿಳಿಯುತ್ತದೆ, ಅದೂ ‘ಟ್ರ್ಯಾಕಿಂಗ್’. ಅದನ್ನು ‘ಹಿಂಬಾಲಿಸು’ ಎಂದು ಅನುವಾದಿಸಿದರೆ ಮಕ್ಕಳೇ ಒಪ್ಪುವುದಿಲ್ಲ.

‘ಪರ್ಸ್ಯೂ’ ತುಸು ಕಠಿಣ. ಅಲ್ಲಿ ವೇಗಕ್ಕಿಂತ ಬಿಡದ ಹಟ ಮುಖ್ಯ. ನಾವು ನಮ್ಮ ಸ್ವವಿವರದಲ್ಲಿ ‘ಪರ್ಸ್ಯೂಯಿಂಗ್ ಬಿಎಸ್ಸಿ ಬಿಎಡ್’ ಎಂದು ಬರೆಯುತ್ತೇವೆ, ‘ಚೇಸಿಂಗ್’ ಎಂದಲ್ಲ. ಉದಾಹರಣೆಗೆ ಅರ್ಜುನನ ಕಥೆ ಹೇಳಿದೆ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ ಸಲಗದೊಂದಿಗೆ ಕಾದಾಡಿ ಸತ್ತ. ಅಂಥ ಕಾರ್ಯಾಚರಣೆಯಲ್ಲಿ ಮೊದಲು ‘ಟ್ರ್ಯಾಕ್’, ಕಂಡ ಮೇಲೆ ‘ಪರ್ಸ್ಯೂ’, ಅರಿವಳಿಕೆ ಚುಚ್ಚಿದ ಮೇಲೆ ‘ಕ್ಯಾಪ್ಚರ್’. ಕ್ರಮ ಹೇಳುತ್ತಿದ್ದಂತೆ ಪದಗಳು ತಾವಾಗಿ ತಮ್ಮ ಜಾಗದಲ್ಲಿ ಕುಳಿತವು. ಆ ದಿನದ ಸುದ್ದಿ ಮಕ್ಕಳಿಗೆ ನನಗಿಂತ ವಿವರವಾಗಿ ಗೊತ್ತಿತ್ತು, ಹತ್ತು ನಿಮಿಷ ಅವರದೇ ಮಾತಾಯಿತು.

ಕೊನೆಯ ಪದ ‘ಸ್ಟಾಕ್’. ಕನ್ನಡ ಲಿಪಿಯಲ್ಲಿ ಬರೆದರೆ ಅದು ಪಡಿತರ ಅಂಗಡಿಯ ‘ಸ್ಟಾಕ್ ಖಾಲಿ’ಯಂತೆಯೇ ಕಾಣುತ್ತದೆ, ಹಾಗಾಗಿ ಕಾಗುಣಿತವನ್ನು ಬೇರೆಯಾಗಿ ತೋರಿಸಿ, ಎಲ್ ಅಕ್ಷರ ಉಚ್ಚಾರವಾಗುವುದಿಲ್ಲ ಎಂದು ಹೇಳಬೇಕು. ಚಿರತೆ ನಾಯಿಯತ್ತ ಸದ್ದಿಲ್ಲದೆ ಸರಿಯುವುದು ‘ಸ್ಟಾಕ್’. ‘ಹೊಂಚು ಹಾಕು’ ಎಂಬುದು ಪೂರ್ತಿ ಸಮನಲ್ಲ. ಹೊಂಚು ಹಾಕುವವನು ಒಂದೆಡೆ ಕಾದು ಕೂರಬಹುದು, ‘ಸ್ಟಾಕ್’ ಮಾಡುವ ಪ್ರಾಣಿ ಹತ್ತಿರ ಹತ್ತಿರ ಸರಿಯುತ್ತಿರುತ್ತದೆ.

ಅವಧಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಮೇಜಿನ ಬಳಿ ಬಂದು, ‘ಬಸ್ ಸ್ಟಾಪಿನಿಂದ ದಿನಾ ಬೈಕಿನಲ್ಲಿ ನಿಧಾನಕ್ಕೆ ಹಿಂದೆ ಬಂದ್ರೆ ಯಾವ ಪದ ಮಿಸ್?’ ಎಂದು ಕೇಳಿದಳು. ಒಂದು ದಿನ ಬಂದರೆ ‘ಫಾಲೋ’, ಬೇಡವೆಂದರೂ ದಿನಾ ಬಂದರೆ ‘ಸ್ಟಾಕ್’ ಎಂದೆ. ಕಾನೂನಿಗೂ ಈ ವ್ಯತ್ಯಾಸ ಗೊತ್ತು. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ‘ಸ್ಟಾಕಿಂಗ್’ ಅನ್ನು ಅಪರಾಧವೆನ್ನುತ್ತದೆ. 2012ರ ಪೋಕ್ಸೊ ಕಾಯ್ದೆಯ 11ನೇ ಕಲಮಿನಲ್ಲಿ ಕ್ರಿಯಾಪದ ‘ಫಾಲೋ’ ಎಂದೇ ಇದೆ, ಆದರೆ ಅದರ ಮುಂದೆ ಪದೇ ಪದೇ ಅಥವಾ ಎಡೆಬಿಡದೆ ಎಂಬರ್ಥದ ಕ್ರಿಯಾವಿಶೇಷಣಗಳಿವೆ; ಲೈಂಗಿಕ ಉದ್ದೇಶವಿದ್ದರೆ ಅದು ಕಿರುಕುಳ. ಇದನ್ನೆಲ್ಲ ಅವಳಿಗೆ ಸರಳವಾಗಿ ಹೇಳಿ, 1098 ಮಕ್ಕಳ ಸಹಾಯವಾಣಿ ಎಂದು ಬರೆದುಕೊಟ್ಟೆ. ಅವಳನ್ನು ಕೇಳಿಯೇ ಅಂದೇ ತರಗತಿ ಶಿಕ್ಷಕಿಗೂ ಮುಖ್ಯ ಶಿಕ್ಷಕರಿಗೂ ವಿಷಯ ತಿಳಿಸಿದೆ. ಮರುದಿನದಿಂದ ಆ ದಾರಿಯ ಹುಡುಗಿಯರು ಗುಂಪಾಗಿ ಬರುವ ಏರ್ಪಾಡಾಯಿತು, ಮನೆಯವರನ್ನು ಕರೆಸಿ ಮಾತಾಡಿದರು. ಪಾಠ ಯೋಜನೆಯ ‘ಕಲಿಕಾ ಫಲ’ ಎಂಬ ಕಾಲಮಿನಲ್ಲಿ ಇದಕ್ಕೆ ಜಾಗವಿಲ್ಲ. ಆದರೂ ಮೇಲ್ವಿಚಾರಕರ ಅನುಮತಿ ಪಡೆದು, ಹೆಸರು ಬಿಟ್ಟು, ದಾಖಲೆ ಪುಸ್ತಕದಲ್ಲಿ ಬರೆದಿದ್ದೇನೆ.

ಎರಡನೇ ಅವಧಿಯ ಮೌಲ್ಯಮಾಪನಕ್ಕೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಕೊಡಲಿಲ್ಲ. ಮೊದಲ ದಿನದ ತಮ್ಮದೇ ವಾಕ್ಯವನ್ನು ತಿದ್ದಲು ಹೇಳಿದೆ. ‘ಚೇಸ್’ ಮತ್ತು ‘ಡ್ರೈವ್’ ಬಹುತೇಕ ಎಲ್ಲರಿಗೂ ಬಂದಿತ್ತು. ‘ಟ್ರ್ಯಾಕ್’ ಮತ್ತು ‘ಟ್ರೇಲ್’ ನಡುವೆ ಹಲವರು ತಡವರಿಸಿದರು. ಈ ಪಾಠ ಮಾಡುವ ಸಹಪಾಠಿಗಳು ‘ಟ್ರೇಲ್’ ಅನ್ನು ಮೊದಲ ಸುತ್ತಿನಲ್ಲಿ ಬಿಡುವುದೇ ಲೇಸು. ‘ಟೇಲ್’, ‘ಶ್ಯಾಡೋ’ ಪತ್ತೇದಾರಿ ಕಥೆ ಬಂದಾಗ ಕಲಿಸಿದರಾಯಿತು. ಆ ಹುಡುಗ ‘ದಿ ಎಲಿಫೆಂಟ್ ಚೇಸ್ಡ್ ಮೈ ಫಾದರ್’ ಎಂದು ತಿದ್ದಿ, ಕೆಳಗೆ ತಾನಾಗಿಯೇ ಇನ್ನೊಂದು ಸಾಲು ಸೇರಿಸಿದ್ದ: ‘ಇಟ್ ಡಿಡ್ ನಾಟ್ ಕ್ಯಾಚ್ ಹಿಮ್.’